ಬೆಸುಗೆ ಹಾಕಿದ ಕೇಸು

ಭಾಗ 1

ಫೋಟೋದಲ್ಲಿ ಇರೋದು ಚಂದ್ರಗುತ್ತಿ ಬೆಟ್ಟ ಅಲ್ಲ, ಸಾರಿ. ಬೆಟ್ಟದ ಫೋಟೋ ಹಾಕಿ ಹಾಕಿ ನಂಗೇ ಬೇಜಾರಾಗಿದೆ. ಇದು ನಮ್ಮನೆ ಕೊಟ್ಟಿಗೆಯ ಅಟ್ಟ. ಕೆಳಗೆ ಮೂರು ದನ, ಮೇಲೆ ಒಣಹುಲ್ಲು, ಮೂಲೆಯಲ್ಲಿ ಒಂದು ತಗಡಿನ ಡಬ್ಬಿ. ಡಬ್ಬಿ ಈಗ ಖಾಲಿ. ಮೊದಲು ಅದರೊಳಗೆ ಏನಿತ್ತು ಅನ್ನೋದರ ಬಗ್ಗೆನೇ ಈ ಸರಣಿ. ಉದ್ದ ಇದೆ, ಓದೋರು ಓದಿ.

ಹೋದ ವಾರ ನಮ್ಮ ಕ್ಲಾಸ್ ಗ್ರೂಪಿಗೆ ಒಂದು ರೀಲ್ ಬಂತು. ಹೊರದೇಶದವನೊಬ್ಬ ಗ್ಯಾರೇಜಲ್ಲಿ ಕೂತು, ರೈಫಲ್‌ನಿಂದ ಹಾರಿಸಿ ಬಿದ್ದ ಖಾಲಿ ಕೇಸುಗಳನ್ನ ತೊಳೆದು, ಅಚ್ಚಿಗೆ ಹಾಕಿ ಒತ್ತಿ, ಬಾಯಿ ಕತ್ತರಿಸಿ, ಮತ್ತೆ ಗುಂಡು ಮಾಡ್ತಾನೆ. ವಿಡಿಯೋ ಹೆಸರು, ಕೇಸ್ ತಯಾರಿಯ ತಪ್ಪುಗಳನ್ನ ಫಿಕ್ಸ್ ಮಾಡೋದು ಹೇಗೆ ಅಂತ. (ಕೇಸು ಅಂದ್ರೆ ಇಲ್ಲಿ ಗುಂಡಿನ ಹಿತ್ತಾಳೆ ಕವಚ. ಕೋರ್ಟಿನ ಕೇಸೂ ಬರುತ್ತೆ, ಸ್ವಲ್ಪ ತಾಳಿ.) ಅದರ ಕೆಳಗೆ ನಮ್ಮ ಹುಡುಗರ ಮಾತು: "ಇದನ್ನ ನಮ್ಮೂರಲ್ಲಿ ಮಾಡಿದ್ರೆ ತೋಟಾಗೆ ದುಡ್ಡೇ ಬೇಡ ಗುರು." ಇನ್ನೊಬ್ಬ: "ಕೇಸ್ ಸೀಳಿದ್ರೆ ಬೆಸುಗೆ ಹಾಕಿದ್ರಾಯ್ತು ಮಾರಾಯ." ಮೂರನೆಯವನು ನೇರ ನನ್ನ ಡಿಎಂಗೇ ಬಂದ. "ನೀನು ಎನ್‌ಸಿಸಿ ಅಲ್ವಾ, ನಿಂಗೆ ಗೊತ್ತಿರ್ಬೇಕು, ಹೇಳ್ಕೊಡು."

ಹೇಳ್ತೀನಿ. ಆದ್ರೆ ನೀನು ಕೇಳಿದ್ದನ್ನಲ್ಲ.

ಭಾಗ 2

ಬೆಸುಗೆ ಅಂದವನಿಗೆ ಮೊದಲ ಉತ್ತರ. ನಮ್ಮ ದೊಡ್ಡಪ್ಪನ ಎಡಗಣ್ಣು ಕಾಣೋದಿಲ್ಲ. ಊರಲ್ಲಿ ಎಲ್ಲರಿಗೂ ಗೊತ್ತಿರೋ ಕಥೆ, ಗದ್ದೆಗೆ ಬೆಂಕಿ ಹಾಕುವಾಗ ಕಿಡಿ ಹಾರಿತು ಅಂತ. ಆಸ್ಪತ್ರೆಯಲ್ಲೂ ಅದನ್ನೇ ಹೇಳಿದ್ದು. ನಾನು ಆಗ ಎರಡನೇ ಕ್ಲಾಸು. ನಂಗೂ ಅದನ್ನೇ ಹೇಳಿದ್ರು.

ನಿಜ ಬೇರೆ. ಅಜ್ಜನ ಕಾಲದ ತೋಟಾ ಕೋವಿ, ಹನ್ನೆರಡು ಬೋರಿನದು, ಬೆಳೆ ಕಾಯೋಕೆ ಲೈಸೆನ್ಸ್ ಇತ್ತು. ಅಜ್ಜನ ಕಾಲದವೇ ಕೆಲವು ಹಿತ್ತಾಳೆ ಕೇಸುಗಳು ಆ ತಗಡಿನ ಡಬ್ಬೀಲಿದ್ವು. ಈಗಿನ ಪ್ಲಾಸ್ಟಿಕ್ ತೋಟಾ ಅಲ್ಲ, ಪೂರ್ತಿ ಹಿತ್ತಾಳೆ. ಮದ್ದು ತುಂಬಿ ಮತ್ತೆ ಮತ್ತೆ ಹೊಡೀತಿದ್ದವು. ಆ ವರ್ಷ ಹಂದಿ ಕಾಟ ಜಾಸ್ತಿ, ಭತ್ತ ಹಾಲು ತುಂಬೋ ಹೊತ್ತಿಗೆ ಒಂದೇ ರಾತ್ರೀಲಿ ಅರ್ಧ ಗದ್ದೆ ಉತ್ತ ಹಾಗೆ ಆಗ್ತಿತ್ತು. ದೊಡ್ಡಪ್ಪ ಡಬ್ಬಿ ಇಳಿಸಿದ್ರು. ಒಂದು ಕೇಸಿನ ಬುಡದ ಹತ್ರ ಕೂದಲೆಳೆಯಷ್ಟು ಸೀಳು. ಬಿಸಾಡೋಕೆ ಮನಸ್ಸು ಬರಲಿಲ್ಲ. ಪಾತ್ರೆ ರಿಪೇರಿಯವನ ಹತ್ರ ಒಯ್ದು ಕಾಯಿಸಿ ಬೆಸುಗೆ ಹಾಕಿಸಿದ್ರು. ಕೊಡಪಾನಕ್ಕೆ ಹಾಕಿಸೋ ಹಾಗೆ. ನೀರು ಹಾಕಿ ನೋಡಿದ್ರಂತೆ, ಸೋರಲಿಲ್ಲ.

ನೀರು ಹಾಕಿ ನೋಡಿದ್ರಂತೆ. ಈ ಒಂದು ಮಾತನ್ನ ಅವರ ಬಾಯಲ್ಲೇ ಕೇಳಿದಾಗ ನಂಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ.

ಈಡು ಹೊಡೆದಾಗ ಆ ಬೆಸುಗೆ ಬಿಟ್ಟು, ಬಿಸಿ ಗಾಳಿ ಹಿಂದಕ್ಕೆ ಮುಖಕ್ಕೇ ಬಂತು. ಹಂದಿಗೆ ಏನೂ ಆಗಲಿಲ್ಲ ಅಂತ ದೊಡ್ಡಪ್ಪನೇ ಈಗ ತಮಾಷೆ ಮಾಡ್ತಾರೆ. ಇದನ್ನ ಬರೀಬಹುದಾ ಅಂತ ಕೇಳಿದೆ. "ಬರಿ, ಮುಖ ಹಾಕಬ್ಯಾಡ" ಅಂದ್ರು.

ಭಾಗ 3

ಈಗ ಕೇಸಿನ ಕೆಲಸ ಏನು ಅಂತ ಸರಿಯಾಗಿ ಅರ್ಥ ಮಾಡ್ಕೊಳ್ಳಿ. ಇದು ಅರ್ಥ ಆದ್ರೆ ಉಳಿದದ್ದು ತಾನಾಗೇ ಗೊತ್ತಾಗುತ್ತೆ.

ನಮ್ಮಲ್ಲಿ ಬಹಳ ಜನ ಕೇಸನ್ನ ಡಬ್ಬಿ ಅಂದ್ಕೊಂಡಿದ್ದಾರೆ. ಮದ್ದು ಹಿಡಿದಿಡೋ ಡಬ್ಬಿ. ಅಲ್ಲ. ಅದು ವಾಷರ್. ಕುಕ್ಕರ್ ಗ್ಯಾಸ್ಕೆಟ್ ತರ. ಮದ್ದು ಉರಿದ ಕ್ಷಣಕ್ಕೆ ಒಳಗಿನ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಕೋವಿಯ ಗೋಡೆಗೆ ಒತ್ತಿ ಕೂರುತ್ತೆ, ಗಾಳಿ ಹಿಂದಕ್ಕೆ ಬರದ ಹಾಗೆ ಮುಚ್ಚುತ್ತೆ. ಗುಂಡು ಆಚೆ ಹೋದಮೇಲೆ ಸ್ವಲ್ಪ ಕುಗ್ಗುತ್ತೆ, ಅದಕ್ಕೇ ಹೊರಗೆ ತೆಗೆಯೋಕೆ ಬರೋದು. ಸುಮಾರು 70 ಪಾಲು ತಾಮ್ರ, 30 ಪಾಲು ಸತು ಇರೋ ಹಿತ್ತಾಳೆಯನ್ನ ಆರಿಸಿರೋದೇ ಈ ಉಬ್ಬಿ ಕುಗ್ಗೋ ಗುಣಕ್ಕೆ. ಬಾಯಿ ಕಡೆ ಮೆತ್ತಗಿರಬೇಕು, ಬುಡ ಗಟ್ಟಿ ಇರಬೇಕು. ಬುಡವನ್ನ ಬೆಂಕೀಲಿ ಕಾಯಿಸಿದ್ರೆ ಅದೂ ಮೆತ್ತಗಾಗುತ್ತೆ. ದೊಡ್ಡಪ್ಪನ ಕೇಸಿಗೆ ಆಗಿದ್ದು ಎರಡು ಅನಾಹುತ. ಸೀಳು ಮೊದಲೇ ಇತ್ತು, ರಿಪೇರಿ ಬೇರೆ ಆಯ್ತು.

ಲೆಕ್ಕ ಹೇಳ್ತೀನಿ. ನಿಮ್ಮ ಬೈಕಿನ ಟೈರಲ್ಲಿ 30 ಪಿಎಸ್‌ಐ ಆಸುಪಾಸು ಗಾಳಿ ಇರುತ್ತೆ. ಹನ್ನೆರಡು ಬೋರಿನ ಈಗಿನ ತೋಟಾದಲ್ಲಿ ಒತ್ತಡ ಹತ್ತು ಹನ್ನೊಂದು ಸಾವಿರ. ಕರಿಮದ್ದು ತುಂಬಿದ್ರೆ ಇನ್ನೂ ಕಮ್ಮಿ. ಅಷ್ಟಕ್ಕೇ ಒಂದು ಕಣ್ಣು ಹೋಯ್ತು. ಆ ರೀಲಲ್ಲಿ ಇರೋದು ರೈಫಲ್. ಈಗಿನ ರೈಫಲ್‌ಗಳಲ್ಲಿ ಅದು 50ರಿಂದ 60 ಸಾವಿರ ಪಿಎಸ್‌ಐ. ಆ ಗಾಳೀನ ತಡೆಯೋದು ಕಾಲು ಇಂಚೂ ಇಲ್ಲದ ಒಂದು ಹಿತ್ತಾಳೆ ಬುಡ, ಅದರ ಹಿಂದೆ ನಿಮ್ಮ ಕೆನ್ನೆ.

ಭಾಗ 4

"ಅವನು ಫಿಕ್ಸ್ ಮಾಡ್ತಿದ್ದಾನಲ್ಲ, ಹಾಗಾದ್ರೆ ಅವನೇನು ಹುಚ್ಚನಾ?" ಅಂತ ಒಬ್ಬಳು ಕೇಳಿದ್ಲು. ಒಳ್ಳೇ ಪ್ರಶ್ನೆ. ನಾನು ಆ ವಿಡಿಯೋ ಪೂರ್ತಿ, ಎರಡು ಸಲ ನೋಡಿದೆ. ಗ್ರೂಪಲ್ಲಿ ಕಾಮೆಂಟ್ ಹಾಕಿದವರು ನೋಡಿಲ್ಲ ಅಂತ ಬೆಟ್ ಕಟ್ತೀನಿ. ಯಾಕಂದ್ರೆ ಅವನು ಕೇಸನ್ನ ಫಿಕ್ಸ್ ಮಾಡೋದೇ ಇಲ್ಲ. ಬಹುತೇಕ ಬಕೆಟ್ಟಿಗೆ ಹಾಕ್ತಾನೆ. ಫಿಕ್ಸ್ ಮಾಡೋದು ತನ್ನ ಕೈಕೆಲಸವನ್ನ.

ಬಾಯಿ ಉದ್ದ ಆಗಿದ್ರೆ ಕತ್ತರಿಸಬಹುದು, ಅದು ನಿಜವಾಗ್ಲೂ ಸರಿ ಆಗೋ ತಪ್ಪು. ಉದ್ದ ಹಾಗೇ ಬಿಟ್ರೆ ಬಾಯಿ ಗುಂಡನ್ನ ಕಚ್ಚಿ ಹಿಡಿದು ಒತ್ತಡ ದಿಢೀರ್ ಏರುತ್ತೆ. ಆದ್ರೆ ಗಿಡ್ಡ ಕತ್ತರಿಸಿದ್ರೆ? ಟೈಲರ್ ಹತ್ರ ಕೇಳಿ, ಕತ್ತರಿಸಿದ ಬಟ್ಟೆ ಬೆಳೆಯುತ್ತಾ ಅಂತ. ಅಚ್ಚಿಗೆ ಹಾಕುವಾಗ ಎಣ್ಣೆ ಕಮ್ಮಿ ಆದ್ರೆ ಕೇಸು ಅಚ್ಚಲ್ಲೇ ಸಿಕ್ಕಿಕೊಳ್ಳುತ್ತೆ, ಜಾಸ್ತಿ ಆದ್ರೆ ಭುಜದ ಹತ್ರ ಗುಳಿ ಬೀಳುತ್ತೆ. ಸಣ್ಣ ಗುಳಿಗೆ ದೊಡ್ಡ ತೊಂದ್ರೆ ಇಲ್ಲ, ಮಡಿಕೆ ಬಿದ್ರೆ ಬಕೆಟ್ಟು. ಬಾಯಲ್ಲಿ ಸೀಳು, ಬಕೆಟ್ಟು. ಹಿಂದಿನ ಕ್ಯಾಪ್ ಕೂರೋ ಗುಂಡಿ ಸಡಿಲ, ಬಕೆಟ್ಟು.

ಎಲ್ಲಕ್ಕಿಂತ ಮೋಸದ್ದು ಬುಡದಿಂದ ಸ್ವಲ್ಪ ಮೇಲೆ ಕಾಣೋ ಹೊಳೆಯೋ ಉಂಗುರ. ನೋಡೋಕೆ ಚಂದ, ಪಾಲಿಶ್ ಮಾಡಿದ ಹಾಗೆ. ಅದು ಕೇಸು ಒಳಗಿಂದ ತೆಳ್ಳಗಾಗಿ ಎರಡು ತುಂಡಾಗೋಕೆ ರೆಡಿ ಆಗಿರೋ ಗುರುತು. ಅಚ್ಚನ್ನ ತಪ್ಪಾಗಿ ಕೂರಿಸಿ ಭುಜವನ್ನ ಅತಿಯಾಗಿ ಹಿಂದಕ್ಕೆ ತಳ್ಳಿದ್ರೆ, ಪ್ರತಿ ಸಲ ಹೊಡೆದಾಗ ಕೇಸು ಎಳೆದು ಎಳೆದು ಅಲ್ಲೇ ಸವೆಯುತ್ತೆ. ಇಲ್ಲಿ ಸರಿ ಮಾಡಬೇಕಾದ್ದು ಅಚ್ಚು. ಕೇಸು ಆಗಲೇ ಸತ್ತಿದೆ. ಅದನ್ನ ತಿಕ್ಕಿ ಹೊಳಪು ಕೊಟ್ಟು "ನೋಡು ಹೊಸದರ ಹಾಗಿದೆ" ಅನ್ನೋನು ಆ ಗುರುತನ್ನೇ ಅಳಿಸ್ತಾನೆ.

ಈ ವ್ಯತ್ಯಾಸ ಗೊತ್ತಿಲ್ಲದೆ "ಫಿಕ್ಸ್" ಅನ್ನೋ ಪದ ಬಳಸೋರ ಮೇಲೆ ನಂಗೆ ಸಿಟ್ಟು. ಕೋವಿ ಮೇಲೂ ಅಲ್ಲ, ಆ ಗ್ಯಾರೇಜಿನವನ ಮೇಲೂ ಅಲ್ಲ.

ಭಾಗ 5

ಈ ಪೋಸ್ಟಿನ ಫೋಟೋ: ದೇವರ ಮನೆ ದೀಪ. ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿದ್ದು.

ದೊಡ್ಡಪ್ಪನ ಕೇಸಿಗೆ ಆ ಸೀಳು ಬಂದಿದ್ದು ಎಲ್ಲಿಂದ? ಇದು ನಂಗೆ ಬಹಳ ದಿನ ಕೊರೀತಿತ್ತು. ಬಿದ್ದಿದ್ದಲ್ಲ, ಜಜ್ಜಿದ್ದಲ್ಲ. ಅಟ್ಟದಲ್ಲಿ ಸುಮ್ಮನೆ ಇದ್ದ ಕೇಸು ತಾನಾಗೇ ಸೀಳುತ್ತಾ?

ಸೀಳುತ್ತೆ. ಮತ್ತೆ ಇದು ಮೊದಲು ಜಗತ್ತಿಗೆ ಗೊತ್ತಾಗಿದ್ದೇ ನಮ್ಮ ದೇಶದ ಮಳೇಲಿ. ಬ್ರಿಟಿಷ್ ಸೈನ್ಯದವರು ಇಂಡಿಯಾದಲ್ಲಿ ಹಿತ್ತಾಳೆ ತೋಟಾಗಳನ್ನ ಮಳೆಗಾಲದಲ್ಲಿ ಕುದುರೆ ಲಾಯದ ಹತ್ರ ಇಡ್ತಿದ್ರು. ಮಳೆ ಮುಗಿಯೋ ಹೊತ್ತಿಗೆ ಕೇಸುಗಳು ಸೀಳಿರ್ತಿದ್ವು. ಮಳೆಗಾಲದಲ್ಲೇ ಆಗೋದಕ್ಕೆ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತ ಹೆಸರು ಬಂತು. ಕಾರಣ ಬಿಡಿಸಿ ಹೇಳಿದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಅನ್ನೋ ಮೂವರು. ಕುದುರೆ ಗಂಜಲದಿಂದ ಏಳೋ ಅಮೋನಿಯಾ, ಜೊತೆಗೆ ತೇವ, ಜೊತೆಗೆ ಕೇಸು ತಯಾರಿಸುವಾಗ ಎಳೆದು ಒತ್ತಿದ ಬಿಗಿ ಹಿತ್ತಾಳೆಯೊಳಗೆ ಉಳಿದಿರೋದು. ಮೂರೂ ಸೇರಿದ್ರೆ ಸೀಳು. ತಯಾರಿಸುವಾಗಲೇ ಹದವಾಗಿ ಕಾಯಿಸಿ ಆ ಬಿಗಿ ಇಳಿಸೋದೇ ಪರಿಹಾರ ಅಂತ ಗೊತ್ತಾಯ್ತು. ಅದು ಕಾರ್ಖಾನೆಯಲ್ಲಿ, ಅಳತೆಯ ಶಾಖದಲ್ಲಿ ಮಾಡೋ ಕೆಲಸ, ಒಲೆ ಮುಂದೆ ಅಲ್ಲ.

ಈಗ ಮೊದಲ ಫೋಟೋ ಮತ್ತೆ ನೋಡಿ. ಕೆಳಗೆ ಮೂರು ದನ. ಮೇಲೆ ಡಬ್ಬಿ. ಸೊರಬದ ಮಳೆ. ನಾವು ಆ ತೋಟಾಗಳನ್ನ ವರ್ಷಗಟ್ಟಲೆ ಗಂಜಲದ ಆವಿ ಮೇಲೆ ಇಟ್ಟಿದ್ವಿ. ನಮ್ಮ ಕಡೆ ಅರ್ಧ ಮನೆಗಳಲ್ಲಿ ಹಳೇ ಸಾಮಾನು ಇಡೋ ಜಾಗ ಅದೇ ಅಲ್ವಾ? ಕೊಟ್ಟಿಗೆ ಅಟ್ಟ?

ತೊಳೆಯೋದರಲ್ಲೂ ಇದೇ. ಅಮೋನಿಯಾ ಇರೋ ಪಾಲಿಶ್ ದೀಪಕ್ಕೆ ಪರವಾಗಿಲ್ಲ, ಕೇಸಿಗೆ ವಿಷ. ಹುಳಿ ನೀರಲ್ಲಿ ರಾತ್ರಿಯಿಡೀ ನೆನೆಸಿದ್ರೆ ಹಿತ್ತಾಳೆಯಿಂದ ಸತು ಬಿಟ್ಟು ಹೋಗಿ ಮೇಲ್ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ದೀಪ ಗುಲಾಬಿ ಆದ್ರೆ ಅಮ್ಮ ಬೈತಾರೆ ಅಷ್ಟೇ.

ಭಾಗ 6

ಇಲ್ಲೀವರೆಗೆ ಬಂದ ರಿಪ್ಲೈಗಳಲ್ಲಿ ಒಂದು: "ನಮ್ಮ ಜಿಲ್ಲೆಯವರು ರಾಕೆಟ್ಟೇ ಮಾಡಿದ್ರು ಸಿಸ್ಟರ್, ನೀವು ತೋಟಾಗೆ ಹೆದರ್ತೀರಲ್ಲ."

ನಗರದ ರಾಕೆಟ್ ವಿಷಯ ಹೇಳ್ತಿದ್ದಾರೆ. ಗೊತ್ತಿಲ್ಲದವರಿಗೆ: ಹೊಸನಗರ ತಾಲೂಕಿನ ನಗರದಲ್ಲಿ, ಅಂದ್ರೆ ಹಳೇ ಬಿದನೂರಲ್ಲಿ, 2018ರಲ್ಲಿ ಒಂದು ಹಾಳು ಬಾವಿಯಿಂದ ಟಿಪ್ಪು ಕಾಲದ ಸಾವಿರಕ್ಕೂ ಜಾಸ್ತಿ ರಾಕೆಟ್ ಸಿಕ್ಕವು. ಹೆಮ್ಮೆ ನಂಗೂ ಇದೆ. ಆದ್ರೆ ಆ ರಾಕೆಟ್ಟಿನ ಗುಟ್ಟು ಏನು? ಮದ್ದಲ್ಲ ಸ್ವಾಮಿ. ಮದ್ದು ಎಲ್ಲರ ಹತ್ರ ಇತ್ತು. ಗುಟ್ಟು ಕೇಸು! ಯುರೋಪಿನವರು ಕಾಗದದ ಕೊಳವೆ ಬಳಸ್ತಿದ್ದಾಗ ಮೈಸೂರಿನವರು ಕಬ್ಬಿಣದ ಕೊಳವೆ ಬಳಸಿದ್ರು. ಕಬ್ಬಿಣ ಹೆಚ್ಚು ಒತ್ತಡ ತಡೀತು, ರಾಕೆಟ್ ಹೆಚ್ಚು ದೂರ ಹೋಯ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಇಂಗ್ಲಿಷರು ಅವನ್ನ ತಮ್ಮ ದೇಶಕ್ಕೆ ಒಯ್ದು ನೋಡಿ ಕಲಿತಿದ್ದೂ ಅದನ್ನೇ.

ಅಂದ್ರೆ ನಮ್ಮ ಪೂರ್ವಜರ ಹೆಸರು ಹೇಳಿ ಸೀಳಿದ ಕೇಸಿಗೆ ಬೆಸುಗೆ ಹಾಕೋದು ಅವರಿಗೆ ಮಾಡೋ ಅವಮಾನ. ಅವರು ಕವಚವನ್ನ ಸೀರಿಯಸ್ಸಾಗಿ ತಗೊಂಡೋರು.

ಭಾಗ 7

ಕೋರ್ಟಿನ ಕೇಸಿಗೆ ಬಂದ್ವಿ. ಬೋರ್ ಆಗುತ್ತೆ, ಬೇಗ ಮುಗಿಸ್ತೀನಿ. ಬಿಸಿನೆಸ್ ಲಾ ಪೇಪರಲ್ಲಿ ಇದು ಬರಲ್ಲ, ಜೀವನದಲ್ಲಿ ಬರುತ್ತೆ.

1959ರ ಶಸ್ತ್ರಾಸ್ತ್ರ ಕಾಯ್ದೆ. ಕೋವಿ ಇಟ್ಕೊಳ್ಳೋದು ಕಲಂ 3, ಅದಕ್ಕೊಂದು ಲೈಸೆನ್ಸ್. ತಯಾರಿಸೋದು ಕಲಂ 5, ಅದಕ್ಕೆ ಬೇರೇನೇ ಲೈಸೆನ್ಸ್. ಮದ್ದುಗುಂಡು ಅಂದ್ರೆ ಪೂರ್ತಿ ಗುಂಡು ಮಾತ್ರ ಅಲ್ಲ, ಅದರ ಬಿಡಿಭಾಗಗಳು ಮತ್ತು ತಯಾರಿಸೋ ಯಂತ್ರಗಳೂ ಆ ಪದದೊಳಗೇ ಬರ್ತವೆ ಅಂತ ಕಾಯ್ದೆಯ ವ್ಯಾಖ್ಯೆಯಲ್ಲೇ ಇದೆ. ಲೈಸೆನ್ಸ್ ಇಲ್ಲದೆ ತಯಾರಿಸಿದ್ರೆ, 2019ರ ತಿದ್ದುಪಡಿ ಆದಮೇಲೆ, ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು. ಅಜ್ಜನ ಹೆಸರಲ್ಲಿ ಬೆಳೆ ಕಾಯೋ ಲೈಸೆನ್ಸ್ ಇದೆ ಅನ್ನೋದು ಇಲ್ಲಿ ಕೆಲಸಕ್ಕೆ ಬರಲ್ಲ. ಇನ್ನು ನಮ್ಮ ವಯಸ್ಸು. 21 ತುಂಬದೆ ಲೈಸೆನ್ಸ್ ಕೊಡೋಹಾಗಿಲ್ಲ. ನಂಗೆ 20. ಗ್ರೂಪಲ್ಲಿ ಯಾರಿಗೂ 21 ಆಗಿಲ್ಲ, ಒಬ್ಬ ರಿಪೀಟರ್ ಬಿಟ್ಟು (ಪ್ರೀತಿಯಿಂದ ಹೇಳಿದ್ದು, ಬೇಜಾರಾಗ್ಬೇಡ).

"ಕೊಡಗಲ್ಲಿ ಮಾತ್ರ ನಡೆಯುತ್ತಾ?" ಅಂತ ಕೇಳೋರಿಗೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರೋದು ನಿಜ. 2019ರಲ್ಲಿ ಕೇಂದ್ರ ಅದನ್ನ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿ ಹಿಡೀತು. ಅದು ಕೋವಿ ಹೊಂದೋ ವಿನಾಯಿತಿ. ಕೈಲ್‌ಪೊಳ್ದ್ ದಿನ ಅವರು ಕೋವಿಗೆ ಹೂವಿಟ್ಟು ಪೂಜೆ ಮಾಡೋ ಫೋಟೋ ನೋಡಿ, ಎಷ್ಟು ಜತನದಿಂದ ಇಟ್ಕೊಂಡಿರ್ತಾರೆ. ಅದನ್ನ ತೋರಿಸಿ ಮನೇಲಿ ಗುಂಡು ಮಾಡ್ತೀನಿ ಅನ್ನೋದು ಯಾವ ಲಾಜಿಕ್ಕು?

ಭಾಗ 8

ಎನ್‌ಸಿಸಿಯಲ್ಲಿ ಏನು ಕಲ್ತೆ ಅಂತ ಕೇಳಿದ್ಯಲ್ಲ. ಹೇಳ್ತೀನಿ.

ಕ್ಯಾಂಪಲ್ಲಿ ಪಾಯಿಂಟ್ 22 ರೈಫಲ್. ಮಲಗಿ ಹೊಡೆಯೋದು. ಐದು ರೌಂಡ್ ಕೊಟ್ರು. ಹೊಡೆದೆ (ಟಾರ್ಗೆಟ್ ಫೋಟೋ ಹಾಕಲ್ಲ, ಮರ್ಯಾದೆ ಪ್ರಶ್ನೆ). ಎದ್ದಮೇಲೆ ಮೊದಲ ಕೆಲಸ ಖಾಲಿ ಕೇಸ್ ಹೆಕ್ಕೋದು. ಎಣಿಸಿ ಒಪ್ಪಿಸಬೇಕು. ಪಕ್ಕದ ಲೇನಿನವಳದ್ದು ಒಂದು ಕಮ್ಮಿ ಬಂತು. ಎಲ್ಲರೂ ಹುಲ್ಲಲ್ಲಿ ಮೊಣಕಾಲೂರಿ ಹುಡುಕಿದ್ವಿ, ಊಟ ಲೇಟಾಯ್ತು, ಆ ಚಿಕ್ಕ ಹಿತ್ತಾಳೆ ಚೂರು ಸಿಗೋವರೆಗೂ ಯಾರನ್ನೂ ಬಿಡಲಿಲ್ಲ. ಆಗ ಬೈಕೊಂಡೆ. ಈಗ ಅರ್ಥ ಆಗುತ್ತೆ. ಖಾಲಿ ಕೇಸಿಗೂ ಲೆಕ್ಕ ಇದೆ. ಅಂದಹಾಗೆ ಆ ಪಾಯಿಂಟ್ 22 ಕೇಸನ್ನ ಮತ್ತೆ ತುಂಬೋ ಹಾಗೇ ಇಲ್ಲ. ಕಿಡಿ ಹೊತ್ತಿಸೋ ಮದ್ದು ಅಂಚಿನ ಮಡಿಕೆಯೊಳಗೇ ಇರುತ್ತೆ, ಸೂಜಿ ಬಡಿದು ಆ ಅಂಚು ಜಜ್ಜಿ ಹೋಗಿರುತ್ತೆ. "ಎನ್‌ಸಿಸಿಯವರ ಹತ್ರ ಕೇಸ್ ತಂದ್ಕೊಡು" ಅಂದವನಿಗೆ ಇದಿಷ್ಟೂ ಉತ್ತರ.

ಮತ್ತೆ ನಮ್ಮ ಬಿಕಾಂ ಭಾಷೇಲಿ. ಪ್ರೊಸೆಸ್ ಕಾಸ್ಟಿಂಗ್ ಮಾಡ್ತೀವಲ್ಲ? ನಾರ್ಮಲ್ ಲಾಸ್ ಅಂತ ಒಂದಿರುತ್ತೆ. ಎಷ್ಟೇ ಹುಷಾರಾಗಿದ್ರೂ ಇಷ್ಟು ಯೂನಿಟ್ ಹಾಳಾಗುತ್ತೆ, ಅದರ ಖರ್ಚನ್ನ ಒಳ್ಳೇ ಯೂನಿಟ್‌ಗಳ ಮೇಲೆ ಹಾಕಿ ಮುಂದೆ ಹೋಗು ಅಂತ. ಬಕೆಟ್ಟಿಗೆ ಹೋದ ಕೇಸು ನಾರ್ಮಲ್ ಲಾಸ್. ಸ್ಕ್ರ್ಯಾಪ್ ಬೆಲೆಗೆ ಹಿತ್ತಾಳೆ ಹೋಯ್ತು, ಮುಗೀತು. ನಮ್ಮ ದೊಡ್ಡಪ್ಪ ಉಳಿಸೋಕೆ ಹೋಗಿದ್ದು ಒಂದು ತೋಟಾದ ದುಡ್ಡು. ಕಣ್ಣಿನ ಆಪರೇಷನ್‌ಗೆ ಆ ವರ್ಷದ ಅಡಿಕೆ ಪೂರ್ತಿ ಹೋಯ್ತು, ಮೇಲೆ ಸಾಲ. ಕಣ್ಣು ಬರಲಿಲ್ಲ. ಇದನ್ನ ಯಾವ ಅಕೌಂಟಿಗೆ ಡೆಬಿಟ್ ಮಾಡ್ಲಿ?

ಭಾಗ 9

ಒಂದು ವಿಷಯದಲ್ಲಿ ಹುಡುಗರ ಪರ ನಾನಿದ್ದೀನಿ, ಅದನ್ನೂ ಹೇಳ್ದೆ ಹೋದ್ರೆ ಮೋಸ ಆಗುತ್ತೆ.

ತೋಟಾ ಸುಮ್ಮನೆ ಸಿಗಲ್ಲ. ಲೈಸೆನ್ಸಲ್ಲಿ ಬರೆದಷ್ಟೇ, ಪೇಟೆಗೆ ಹೋಗಬೇಕು, ಒಂದು ದಿನದ ಕೆಲಸ ಹಾಳು. ಎಲೆಕ್ಷನ್ ಬಂದ್ರೆ ಕೋವಿ ಠಾಣೆಗೆ. ಹಂದಿಗೆ, ಮಂಗಕ್ಕೆ ನೀತಿ ಸಂಹಿತೆ ಇಲ್ಲ, ಅವು ಬರ್ತಾನೇ ಇರ್ತವೆ. ಬೆಳೆ ನಷ್ಟಕ್ಕೆ ಅರ್ಜಿ ಹಾಕಿ ಕಾಯೋದು ಎಂಥ ಕಷ್ಟ ಅಂತ ನಮ್ಮಪ್ಪನ ಚಪ್ಪಲಿ ಕೇಳಿದ್ರೆ ಗೊತ್ತಾಗುತ್ತೆ. ಪೇಟೆ ಫ್ಲ್ಯಾಟಲ್ಲಿ ಕೂತು "ಪಾಪ ಹಂದಿ" ಅಂತ ಸ್ಟೋರಿ ಹಾಕೋರು ಒಂದು ರಾತ್ರಿ ನಮ್ಮ ಗದ್ದೆ ಮಾಳದಲ್ಲಿ ಕೂತು ನೋಡ್ಲಿ.

ಆದ್ರೆ ಈ ಸಿಟ್ಟನ್ನ ಎಲ್ಲಿ ತೋರಿಸಬೇಕು? ಗ್ರಾಮಸಭೇಲಿ ನಮ್ಮ ವಯಸ್ಸಿನ ಎಷ್ಟು ಜನ ಬರ್ತಾರೆ? ಹೋದ ಸಲ ನಾನು ಹೋದಾಗ ಯುವಕರು ಅಂತ ಇದ್ದಿದ್ದು ಮೈಕ್ ಸೆಟ್ಟಿನವನೊಬ್ಬ. ಬೇಲಿಗೆ ಸಬ್ಸಿಡಿ ಕೇಳೋಕೆ, ಎಲೆಕ್ಷನ್ ಹೊತ್ತಲ್ಲಿ ಬೆಳೆ ಕಾಯೋರಿಗೆ ಕೋವಿ ಬಿಡಿ ಅಂತ ಅರ್ಜಿ ಬರೆಯೋಕೆ, ಯಾರಿಗೂ ಟೈಮಿಲ್ಲ. ಹಳೇ ಕೇಸಿಗೆ ಬೆಸುಗೆ ಹಾಕೋ ರೀಲ್ ಫಾರ್ವರ್ಡ್ ಮಾಡೋಕೆ ಇದೆ. ಇದನ್ನ ನಾವು ಜಾಣತನ ಅಂತೀವಿ. "ನಮ್ಮೋರು ಎಂಥದನ್ನೂ ರಿಪೇರಿ ಮಾಡ್ತಾರೆ" ಅಂತ ಹೆಮ್ಮೆ ಬೇರೆ. ಪಂಪ್‌ಸೆಟ್ ಮಾಡಿ, ಟಿಲ್ಲರ್ ಮಾಡಿ, ಮಿಕ್ಸಿ ಮಾಡಿ, ಕೈ ಮುಗೀತೀನಿ. ಅವು ಕೆಟ್ರೆ ನಿಂತು ಹೋಗ್ತವೆ. ಕೇಸು ಕೆಟ್ರೆ ನಿಲ್ಲಲ್ಲ, ಹಿಂದಕ್ಕೆ ಬರುತ್ತೆ.

ಭಾಗ 10, ಕೊನೇದು

ಡಿಎಂಗೆ ಬಂದ ಪ್ರಶ್ನೆಗಳಿಗೆ ಒಟ್ಟಿಗೆ.

ಮನೇಲಿ ಹಳೇ ತೋಟಾ ಇದೆ ಏನ್ ಮಾಡ್ಲಿ: ನೀನು ಏನೂ ಮಾಡಬೇಡ. ಉಬ್ಬಿದ ಕಾಗದದ ತೋಟಾವನ್ನ ಚಾಕೂಲಿ ಕೆರೆದು ಕೂರಿಸೋದು, ಒಲೆ ಪಕ್ಕ ಒಣಗಿಸೋದು, ಬಿಚ್ಚಿ ನೋಡೋದು, ಬಾವಿಗೆ ಎಸೆಯೋದು, ಯಾವುದೂ ಬೇಡ. ಮನೆಯ ಹಿರಿಯರಿಗೆ ಹೇಳಿ, ಲೈಸೆನ್ಸ್ ಪುಸ್ತಕ ಹಿಡ್ಕೊಂಡು ಠಾಣೆಗೋ ಲೈಸೆನ್ಸ್ ಇರೋ ಡೀಲರ್‌ಗೋ ಒಪ್ಪಿಸಿ ರಸೀದಿ ತಗೊಳ್ಳಿ. ಲೈಸೆನ್ಸ್ ಇದ್ದ ಅಜ್ಜ ತೀರಿಕೊಂಡಿದ್ರೂ ಅದೇ ದಾರಿ, ಅಟ್ಟದಲ್ಲಿ ಮುಚ್ಚಿಡೋದಲ್ಲ.

ರೈಫಲ್ ಶೂಟಿಂಗ್ ಕಲೀಬೇಕು: ಎನ್‌ಸಿಸಿ ಸೇರು. ಬೆಳಿಗ್ಗೆ ಬೇಗ ಏಳಬೇಕು, ಅಲ್ಲೇ ಅರ್ಧ ಜನ ಔಟ್.

ನೀನು ಹುಡುಗಿ, ನಿಂಗ್ಯಾಕೆ ಇದೆಲ್ಲ: ಬ್ಲಾಕ್ ಮಾಡಿದೀನಿ.

ಆ ಬೆಸುಗೆ ಹಾಕಿದ ಕೇಸು ಈಗ ಎಲ್ಲಿದೆ: ತುಂಬ ಜನ ಕೇಳಿದ್ರಿ. ದೊಡ್ಡಪ್ಪನ್ನ ಕೇಳಿದೆ. ಅದರ ಬುಡದ ಚೂರು ಡಾಕ್ಟರು ತೆಗೆದಿದ್ರಂತೆ. ಉಳಿದದ್ದನ್ನ ದೊಡ್ಡಮ್ಮ ಅವತ್ತೇ ಸಂಜೆ ಕೆರೆಗೆ ಎಸೆದು ಬಂದ್ರಂತೆ. ಕೋವಿ ಠಾಣೇಲಿದೆ, ಲೈಸೆನ್ಸ್ ರಿನ್ಯೂ ಮಾಡಿಸಿಲ್ಲ. ಹಂದಿ ಈ ವರ್ಷವೂ ಬಂದಿದೆ. ಗ್ರಾಮಸಭೆ ತಾರೀಕು ಗೊತ್ತಾದ ದಿನ ಸ್ಟೋರಿಗೆ ಹಾಕ್ತೀನಿ, ಬೈಕ್ ಇರೋರು ನನ್ನನ್ನೂ ಹತ್ತಿಸಿಕೊಂಡು ಹೋಗಿ.

#ಚಂದ್ರಗುತ್ತಿ #ಸೊರಬ #ಮಲೆನಾಡು #ತೋಟಾಕೋವಿ #ಬಿಕಾಂಹುಡುಗಿ